ಕೇಸ್ ಪೇಪರಿನಲ್ಲಿ ಇಲ್ಲದಿದ್ದ ಪ್ರಶ್ನೆ

ಮನೋರೋಗ ವಿಭಾಗದ ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನಿದ್ದೆ ಬಂತೇ, ಊಟ ಸೇರಿತೇ, ಕೈ ನಡುಗುತ್ತಿದೆಯೇ, ಕಿವಿಯಲ್ಲಿ ಮಾತು ಕೇಳಿಸುವುದು ನಿಂತಿತೇ ಎಂದು ಬೆಳಗಿನ ರೌಂಡ್ಸ್‌ನಲ್ಲಿ ಎಲ್ಲರನ್ನೂ ಕೇಳುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದ ಕಾಲದ ಕೇಸ್ ಪೇಪರಿನಲ್ಲಿ ‘ಕೊನೆಯ ಮುಟ್ಟು ಯಾವಾಗ?’ ಎಂಬುದಕ್ಕೆ ಮಾತ್ರ ಜಾಗವಿರಲಿಲ್ಲ. ಆ ಪ್ರಶ್ನೆ ಅಲ್ಲಿಗೆ ಬಂದು ಸೇರಿದ ದಾರಿ ಉದ್ದವಾದದ್ದು. ಅದನ್ನು ಬರೆದಿಡಬೇಕೆಂಬುದು ನನ್ನ ಬಹಳ ದಿನದ ಆಸೆ.

ದಾರಿ ಶುರುವಾಗುವುದು ಪ್ಯಾರಿಸ್‌ನಲ್ಲಿ. 1950ರ ಡಿಸೆಂಬರಿನಲ್ಲಿ ರೋನ್-ಪುಲಾಂಕ್ ಕಂಪನಿಯ ಪೌಲ್ ಶಾರ್ಪಾಂತಿಯೆ ಕ್ಲೋರ್‌ಪ್ರೊಮಜಿನ್ ತಯಾರಿಸಿದ. ಆಪರೇಷನ್ನಿಗೆ ಮುಂಚೆ ಅದನ್ನು ಕೊಟ್ಟರೆ ರೋಗಿಗಳು ವಿಚಿತ್ರವಾದ ನಿರಾಳಕ್ಕೆ ಬರುತ್ತಾರೆ ಎಂದು ನೌಕಾಪಡೆಯ ಸರ್ಜನ್ ಆನ್ರಿ ಲಾಬೊರಿ ಗಮನಿಸಿದ. 1952ರಲ್ಲಿ ಸೇಂತ್-ಆನ್ ಆಸ್ಪತ್ರೆಯ ಜಾನ್ ದಲೆ ಮತ್ತು ಪಿಯೆರ್ ದೆನಿಕೆ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಇನ್ಸುಲಿನ್ ಕೋಮಾ, ಕರೆಂಟು, ಕಟ್ಟಿಹಾಕುವುದು ಬಿಟ್ಟರೆ ಬೇರೆ ಗತಿಯಿಲ್ಲದ ವಾರ್ಡುಗಳು ಮಾತ್ರೆಯಿಂದ ಶಾಂತವಾದವು. ಅದರ ಉಪಕಾರವನ್ನು ಕಣ್ಣಾರೆ ಕಂಡವಳು ನಾನು. ಮುಂದೆ ಬರೆಯುವುದನ್ನೆಲ್ಲ ಮಾತ್ರೆಯ ಮೇಲಿನ ದೂರು ಎಂದು ಯಾರೂ ಓದಬಾರದು, ಓದಿ ಮಾತ್ರೆ ಬಿಡಬಾರದು.

ಮೂರು ವರ್ಷದ ಮೇಲೆ, 1955ರಲ್ಲಿ, ಫ್ರೆಂಚ್ ವೈದ್ಯ ಪತ್ರಿಕೆಯೊಂದರಲ್ಲಿ ಈ ಔಷಧಿ ತೆಗೆದುಕೊಳ್ಳುತ್ತಿದ್ದ ಹೆಂಗಸರ ಎದೆಯಲ್ಲಿ ಹಾಲು ಬಂದ ವರದಿ ಅಚ್ಚಾಯಿತು. ಅವರು ಬಾಣಂತಿಯರಲ್ಲ. ನಮ್ಮ ದೇಶದಿಂದ ಹೋದ ಔಷಧಿಯೂ ಇದೇ ಕೆಲಸ ಮಾಡುತ್ತಿತ್ತು. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆ ಎಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದಿದ್ದರು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಅದನ್ನು ನುಂಗಿದವರಲ್ಲಿಯೂ ಕೆಲವರಿಗೆ ಹಾಲು ಬಂತು, ಮುಟ್ಟು ನಿಂತಿತು. ಎರಡು ಬೇರೆ ಬೇರೆ ವಸ್ತುಗಳು, ಒಂದೇ ತೊಂದರೆ. ಯಾಕೆ ಎಂದು ಹೇಳಬಲ್ಲವರು ಆಗ ಇರಲಿಲ್ಲ.

ಹಾಲಿನ ಹಾರ್ಮೋನು ಗೊತ್ತಿರಲಿಲ್ಲ ಎಂದೇನಲ್ಲ. ಪಾರಿವಾಳ, ಗಂಡಾಗಲಿ ಹೆಣ್ಣಾಗಲಿ, ಮರಿಗಳಿಗೆ ತನ್ನ ಗಂಟಲ ಚೀಲದಲ್ಲಿ ಹಾಲಿನಂಥದ್ದನ್ನು ಊರಿಸಿ ಉಣಿಸುತ್ತದೆ. ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ ಆ ಚೀಲವನ್ನು ಉಬ್ಬಿಸುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಮುಂದೆ ಬಹಳ ಕಾಲ ಪ್ರೊಲ್ಯಾಕ್ಟಿನ್ ಅಳೆಯುವ ವಿಧಾನವೂ ಅದೇ ಆಗಿತ್ತು: ಪಾರಿವಾಳಕ್ಕೆ ಚುಚ್ಚಿ ಚೀಲವನ್ನು ತೂಗುವುದು. ಆದರೆ ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಎಂಬುದು ಬೇರೆಯಾಗಿ ಇದೆಯೇ, ಬೆಳವಣಿಗೆಯ ಹಾರ್ಮೋನೇ ಆ ಕೆಲಸವನ್ನೂ ಮಾಡುತ್ತದೆಯೇ ಎಂಬ ಜಗಳ 1970ರವರೆಗೂ ಮುಗಿಯಲಿಲ್ಲ. ಮಾಂಟ್ರಿಯಲ್‌ನಲ್ಲಿ ಹೆನ್ರಿ ಫ್ರೀಸೆನ್ ಅದನ್ನು ಬೇರ್ಪಡಿಸಿ, 1971ರಲ್ಲಿ ರಕ್ತದಲ್ಲಿ ಅಳೆಯುವ ಪರೀಕ್ಷೆ ಕೊಟ್ಟ ಮೇಲೆ ಅನುಮಾನ ಹೋಯಿತು. ಹದಿನಾರು ವರ್ಷ ಹಿಂದೆ ಆ ಹೆಂಗಸರು ಹೇಳಿದ್ದು ಈಗ ಅಂಕಿಯಾಗಿ ಕಾಣತೊಡಗಿತು.

ಕಾರಣವೂ ಅಷ್ಟರಲ್ಲಿ ಕೂಡಿಬಂದಿತ್ತು. ಉಳಿದ ಪಿಟ್ಯುಟರಿ ಹಾರ್ಮೋನುಗಳನ್ನು ಮಿದುಳು ಮುಖ್ಯವಾಗಿ ಪ್ರಚೋದಿಸುತ್ತದೆ, ಪ್ರೊಲ್ಯಾಕ್ಟಿನ್ನನ್ನು ಮಾತ್ರ ತಡೆಯುತ್ತದೆ. ಜಾನ್ ಎವರೆಟ್ 1954ರಲ್ಲಿ ಇಲಿಯ ಪಿಟ್ಯುಟರಿಯನ್ನು ಮಿದುಳಿನಿಂದ ಕಿತ್ತು ಮೂತ್ರಪಿಂಡದ ಪೊರೆಯಡಿ ನೆಟ್ಟಾಗ ಅದು ಪ್ರೊಲ್ಯಾಕ್ಟಿನ್ ಸುರಿಸುತ್ತಲೇ ಇತ್ತು. ಕೆರೆಯ ತೂಬಿಗೆ ಬಿಗಿದ ಬೆಣೆಯಂತೆ ಹಿಡಿದುಕೊಂಡಿರುವುದು ಡೋಪಮಿನ್. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರ ಕೆಲಸದಿಂದ ಔಷಧಿಗಳ ಗುಟ್ಟು ತಿಳಿಯಿತು: ರೆಸರ್ಪಿನ್ ಡೋಪಮಿನ್ ದಾಸ್ತಾನನ್ನೇ ಬರಿದು ಮಾಡುತ್ತದೆ, ಕ್ಲೋರ್‌ಪ್ರೊಮಜಿನ್ ಮತ್ತು ಅಂಥದ್ದೇ ಇನ್ನೊಂದು ಔಷಧಿಯಾದ ಹ್ಯಾಲೊಪೆರಿಡಾಲ್ ಡೋಪಮಿನ್ ಕೂರುವ ಜಾಗವನ್ನು ಆಕ್ರಮಿಸುತ್ತವೆ. ಭ್ರಮೆಯನ್ನು ಇಳಿಸುವ ಅದೇ ತಡೆ ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ನನ್ನು ಬಿಟ್ಟುಬಿಡುತ್ತದೆ. ಅದು ಏರಿದರೆ ಮುಟ್ಟು ತಪ್ಪುತ್ತದೆ, ಹಾಲು ಬರುತ್ತದೆ, ಗಂಡಸರಿಗೆ ಎದೆ ಉಬ್ಬುತ್ತದೆ, ದಾಂಪತ್ಯದ ಆಸೆ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ.

ಪುಸ್ತಕದಲ್ಲಿ ಇದೆಲ್ಲ ಒಂದು ಪುಟ. ನಮ್ಮ ಊರುಗಳಲ್ಲಿ ಇದು ಮಾನದ ಪ್ರಶ್ನೆ. ಮದುವೆಯಾಗದ ಒಬ್ಬ ಹುಡುಗಿ ರಿಸ್ಪೆರಿಡೋನ್ ಎಂಬ ಇಂಥದ್ದೇ ಮಾತ್ರೆಯ ಮೇಲಿದ್ದಳು. ಅವಳ ಭಯ, ಅನುಮಾನಗಳು ಚೆನ್ನಾಗಿ ಇಳಿದಿದ್ದವು. ತಾಯಿ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು, ದನಿ ಇಳಿಸಿ, ‘ಮೂರು ತಿಂಗಳಿಂದ ಹೊರಗಾಗಿಲ್ಲ ಸಿಸ್ಟರ್, ರವಿಕೆ ಒದ್ದೆಯಾಗ್ತದೆ, ಅವರಪ್ಪನಿಗೆ ಗೊತ್ತಾದ್ರೆ ಕೊಂದುಹಾಕ್ತಾನೆ’ ಎಂದರು. ಮಗಳನ್ನು ಒಬ್ಬಳೇ ಎಲ್ಲಿಗೂ ಬಿಡದೆ ಮನೆಯಲ್ಲಿ ಕಾವಲು ಶುರುವಾಗಿತ್ತಂತೆ. ತನ್ನ ಮೇಲೆ ಎಲ್ಲರೂ ಕಣ್ಣಿಟ್ಟಿದ್ದಾರೆ ಎಂಬುದೇ ಆ ಹುಡುಗಿಯ ಕಾಯಿಲೆಯಾಗಿತ್ತು. ಈಗ ನಿಜವಾಗಿಯೂ ಕಣ್ಣಿಟ್ಟಿದ್ದರು. ಗರ್ಭ ಪರೀಕ್ಷೆ ಇಲ್ಲವೆಂದಿತು. ಪ್ರೊಲ್ಯಾಕ್ಟಿನ್, ಹೆಂಗಸರಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 25 ನ್ಯಾನೋಗ್ರಾಮಿನೊಳಗೆ ಇರಬೇಕಾದದ್ದು, ನೂರು ದಾಟಿತ್ತು. ಡಾಕ್ಟರು ತಂದೆಯನ್ನು ಕೂರಿಸಿಕೊಂಡು ಆ ಚೀಟಿ ತೋರಿಸಿ, ಇದು ಮಾತ್ರೆಯ ಕೆಲಸ, ನಿಮ್ಮ ಮಗಳದ್ದಲ್ಲ ಎಂದು ಬಿಡಿಸಿ ಹೇಳಿದರು. ಔಷಧಿ ಬದಲಾಯಿತು, ಕೆಲವು ವಾರಗಳಲ್ಲಿ ಮುಟ್ಟು ಮರಳಿತು. ಹೀಗೆ ಮೂಲೆಗೆ ಕರೆದು ಹೇಳುವ ತಾಯಿ ಇಲ್ಲದವರು ಮಾತ್ರೆಯನ್ನು ಚರಂಡಿಗೆ ಎಸೆದು ಸುಮ್ಮನಾಗುತ್ತಾರೆ. ಕಾಯಿಲೆ ಮರುಕಳಿಸಿದಾಗ ನಾವು ಅದನ್ನು ರೋಗಿಯ ಹಟ ಎಂದು ಬರೆದುಕೊಳ್ಳುತ್ತೇವೆ.

ಪಕ್ಕದ ಹಾಸಿಗೆಯವಳು ಅದೇ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ನುಂಗುತ್ತಿದ್ದಳು. ಅವಳ ಮುಟ್ಟು ಒಂದು ತಿಂಗಳೂ ತಪ್ಪಲಿಲ್ಲ. ಹೀಗೇಕೆ ಎಂಬ ಪ್ರಶ್ನೆಗೆ ಒಂದು ಎಳೆ ಸಿಕ್ಕಿದ್ದು ಬೇರೆಯೇ ಕಡೆ. 1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ಸಂಶೋಧಕ ಡೆಬ್ರಿಸೋಕ್ವಿನ್ ಎಂಬ ರಕ್ತದೊತ್ತಡದ ಔಷಧಿಯನ್ನು ತಾನೇ ನುಂಗಿ ನಿಲ್ಲಲಾರದೆ ಕುಸಿದ. ಜೊತೆಗೆ ನುಂಗಿದವರಿಗೆ ಏನೂ ಆಗಲಿಲ್ಲ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವ ಅವನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಸಿವೈಪಿ2ಡಿ6 ಎಂಬ ಆ ಕಿಣ್ವದ ವಂಶವಾಹಿ 1988ರಲ್ಲಿ ಕೈಗೆ ಸಿಕ್ಕಿತು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಎರಡನ್ನೂ ಕರಗಿಸುವುದರಲ್ಲಿ ಅದರ ಪಾಲಿದೆ. ಯುರೋಪಿನವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಅದು ನಿಷ್ಕ್ರಿಯ, ನಮ್ಮಲ್ಲಿ ಅಂಥವರು ಇನ್ನೂ ಕಡಿಮೆ. ಪುದುಚೇರಿಯ ಜಿಪ್ಮರ್‌ನವರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯದವರ ಈ ವಂಶವಾಹಿಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು.

ಆದರೆ ರಿಸ್ಪೆರಿಡೋನ್ ಕರಗಿ ಆಗುವ ಪದಾರ್ಥವೂ ಮೂಲದಷ್ಟೇ ಚುರುಕಾದದ್ದು. ಪಾಲಿಪೆರಿಡೋನ್ ಎಂಬ ಹೆಸರಿನಲ್ಲಿ ಅದನ್ನೇ ಬೇರೆ ಔಷಧಿಯಾಗಿ ಮಾರುತ್ತಾರೆ, ಅದೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಹಾಗಾಗಿ ಕಿಣ್ವ ನಿಧಾನವಾಗಿದ್ದರೆ ಪ್ರೊಲ್ಯಾಕ್ಟಿನ್ ಇಷ್ಟು ಏರುತ್ತದೆ ಎಂದು ನೇರ ಲೆಕ್ಕ ಹಾಕಲು ಬರುವುದಿಲ್ಲ.

ಇನ್ನೊಂದು ಎಳೆ ಡೋಪಮಿನ್ ಕೂರುವ ಜಾಗದ್ದೇ. ಡಿ2 ಗ್ರಾಹಕ ಎಂಬ ಆ ಜಾಗದ ಜೀನೂ ಸಿಕ್ಕಿದ್ದು 1988ರಲ್ಲಿ. ಮರುವರ್ಷ ಅದರ ಬಳಿ ಟ್ಯಾಕ್1ಎ ಎಂಬ ಗುರುತು ಕಂಡಿತು. ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವದಿಂದ ಡಿಎನ್ಎ ಕತ್ತರಿಸಿದಾಗ ಕೆಲವರಲ್ಲಿ ಅದು ಅಲ್ಲಿ ತುಂಡಾಗುವುದಿಲ್ಲ. ತುಂಡಾಗದ ಎ1 ರೂಪವಿದ್ದವರಲ್ಲಿ ಡಿ2 ಗ್ರಾಹಕಗಳು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿದವು. ಔಷಧಿ ಕೊಟ್ಟಾಗ ಅವರ ಪ್ರೊಲ್ಯಾಕ್ಟಿನ್ ಹೆಚ್ಚು ಏರುತ್ತದೆ ಎಂಬ ವರದಿಗಳು ಜಪಾನಿನಿಂದ, 2004ರಲ್ಲಿ ಆಸ್ಟ್ರೇಲಿಯಾದಿಂದ ಬಂದವು. ಅದೇ ವರ್ಷ ಆ ಗುರುತು ಡಿ2 ಜೀನಿನೊಳಗೆ ಅಲ್ಲ, ಪಕ್ಕದ ಎಎನ್‌ಕೆಕೆ1 ಎಂಬ ಜೀನಿನಲ್ಲಿದೆ ಎಂದು ತಿಳಿಯಿತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಬಹಳಷ್ಟರಲ್ಲಿ ರೋಗಿಗಳ ಸಂಖ್ಯೆ ಚಿಕ್ಕದು.

ವಂಶವಾಹಿ ಪರೀಕ್ಷೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ಕಿರಿಯರು ಸಿಗುತ್ತಾರೆ. ಬರಲಿ, ನಾನೂ ಕಾಯುತ್ತಿದ್ದೇನೆ. ಆದರೆ ಆ ಪರೀಕ್ಷೆಗೆ ಹಣವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಇವತ್ತೇ ಮಾಡಬಹುದಾದದ್ದು ಬೇಕಾದಷ್ಟಿದೆ. ಯಾವ ಮಾತ್ರೆ ಎಂದು ನೋಡಿ ಆರಿಸಬಹುದು: ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಪ್ರೊಲ್ಯಾಕ್ಟಿನ್ನನ್ನು ಜೋರಾಗಿ ಏರಿಸುತ್ತವೆ, ಕ್ವೆಟಿಯಾಪಿನ್, ಕ್ಲೋಜಪಿನ್ ಏರಿಸುವುದು ತೀರ ಕಡಿಮೆ, ಅರಿಪಿಪ್ರಜೋಲ್ ಇಳಿಸುತ್ತದೆ. ಔಷಧಿ ಶುರುವಾಗುವ ಮುಂಚೆ ಹಿಂದಿನ ಮುಟ್ಟಿನ ದಿನಾಂಕ ಬರೆದುಕೊಳ್ಳಬೇಕು, ಸಾಧ್ಯವಿದ್ದರೆ ಪ್ರೊಲ್ಯಾಕ್ಟಿನ್ ನೋಡಬೇಕು. ಆಮೇಲೆ ಬಂದಾಗಲೆಲ್ಲ ಕೇಳಬೇಕು, ಗಂಡಸರನ್ನೂ ಕೇಳಬೇಕು. ಕೇಳುವಾಗ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು.