ಗೆಲಾಕ್ಸಿ ಪುರಾತತ್ತ್ವ

ನಕ್ಷತ್ರಗಳ ರೋಹಿತದ ಕಪ್ಪು ಗೆರೆಗಳಿಂದ ಧಾತುಗಳ ಪ್ರಮಾಣವನ್ನು ಅಳೆದು ಆಕಾಶಗಂಗೆಯ ಗತಕಾಲವನ್ನು ಅರಿಯುವ ಖಗೋಳ ವಿಜ್ಞಾನದ ಶಾಖೆ. ದೀರ್ಘಾಯು ನಕ್ಷತ್ರಗಳ ಹೊರಪದರವು ಅವು ಹುಟ್ಟಿದ ಮೋಡದ ಸಂಯೋಜನೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ವಿಧಾನದ ಆಧಾರ ಇದೇ. ಭಾರಿ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಿಡಿದು ಆಮ್ಲಜನಕ, ಮೆಗ್ನೀಸಿಯಂಗಳನ್ನು ಚೆಲ್ಲುತ್ತವೆ. ಕಬ್ಬಿಣದ ದೊಡ್ಡ ಪಾಲು ತಡವಾಗಿ, ಶ್ವೇತಕುಬ್ಜಗಳ ಸ್ಫೋಟದಿಂದ ಬರುತ್ತದೆ. ಹೀಗಾಗಿ ಮೆಗ್ನೀಸಿಯಂ-ಕಬ್ಬಿಣಗಳ ಅನುಪಾತ ನೋಡಿದರೆ ಆ ನೆಲೆಯಲ್ಲಿ ನಕ್ಷತ್ರಗಳು ಎಷ್ಟು ಬಿರುಸಾಗಿ ಹುಟ್ಟಿದವೆಂದು ತಿಳಿಯುತ್ತದೆ.

2010ರಲ್ಲಿ ಖಗೋಳ ವಿಜ್ಞಾನಿಗಳಾದ ನಿಸೆನ್ ಮತ್ತು ಶುಸ್ಟರ್ ಸೂರ್ಯನ ನೆರೆಯಲ್ಲಿರುವ ಪ್ರಭಾವಲಯ (ಗೆಲಾಕ್ಸಿಯ ತಟ್ಟೆಯನ್ನು ಸುತ್ತುವರಿದ ವಿರಳ ಭಾಗ) ನಕ್ಷತ್ರಗಳಲ್ಲಿ ಎರಡು ಗುಂಪುಗಳನ್ನು ಗುರುತಿಸಿ, ಅನುಪಾತ ಕಡಿಮೆಯಿರುವ ಗುಂಪು ಹೊರಗಿನಿಂದ ಬಂದಿರಬೇಕೆಂದರು.  ಆ ಗುಂಪಿನ ಮೂಲವೆನ್ನಲಾದ, ಸುಮಾರು 1000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ನುಂಗಿದ ಗಯಾ-ಎನ್ಸೆಲಾಡಸ್ ಎಂಬ ಗೆಲಾಕ್ಸಿಯ ಕುರುಹು 2018ರಲ್ಲಿ ಗಯಾ ನೌಕೆಯ ದತ್ತಾಂಶದಲ್ಲಿ ಸ್ಪಷ್ಟವಾಯಿತು.