ಮೈದಾನ ದಾಟಿದ ಬಾಜಿ

ನೆಲಮಂಗಲ ದಾಟಿ ಮಂಗಳೂರು ಹೆದ್ದಾರಿ ಹಿಡಿದರೆ ಕುಣಿಗಲ್ ಸಿಗುತ್ತದೆ. ಅಲ್ಲಿನ ಕುದುರೆ ಫಾರಂನ ಚರಿತ್ರೆ ಟಿಪ್ಪು ಸುಲ್ತಾನನ ಕಾಲಕ್ಕೆ ಹೋಗುತ್ತದೆ. ದಂಡಿಗೆ ಕುದುರೆ ಬೇಡವಾದ ಮೇಲೂ ಆ ಫಾರಂ ಉಳಿದದ್ದು ರೇಸಿನಿಂದ. 1992ರಲ್ಲಿ ಸರ್ಕಾರ ಅದನ್ನು ಗುತ್ತಿಗೆಗೆ ಕೊಟ್ಟದ್ದೂ ರೇಸ್ ಕುದುರೆ ಬೆಳೆಸುವವರಿಗೇ. ಹಾಗಾದರೆ ರೇಸು ಯಾವುದರಿಂದ ಉಳಿಯಿತು? ಬಾಜಿಯ ದುಡ್ಡಿನಿಂದ ಎನ್ನಲು ನನಗೆ ಸಂಕೋಚವಿಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಓಲರ್ ಒಂದು ಪದ್ಧತಿ ತಂದ. ಎಲ್ಲರ ಬಾಜಿಯನ್ನೂ ಒಂದೇ ಗಂಟು ಮಾಡಿ, ಅದರಲ್ಲಿ ಒಂದು ಪಾಲು ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುವುದು. ನಮ್ಮ ರೇಸ್ ಕೋರ್ಸಿನ ಟೋಟ್ ಇದೇ. ಕ್ಲಬ್ಬಿಗೆ ಬರುವ ಆ ಪಾಲಿನಿಂದ ಬಹುಮಾನ. ಬಹುಮಾನದ ಆಸೆಯಿಂದ ಮಾಲೀಕ. ಮಾಲೀಕನಿಂದ ತರಬೇತುದಾರ, ಜಾಕಿ, ಲಾಯದ ಸೈಸ್.

ಬಾಜಿ ಕಟ್ಟುವವನು ಮೈದಾನಕ್ಕೇ ಬರುವವರೆಗೆ ಲೆಕ್ಕ ಸುಲಭವಿತ್ತು. ತಂತಿ, ಟೆಲಿಫೋನು ಬಂದ ಮೇಲೆ ಕುದುರೆ ಓಡುವುದು ಒಂದು ಕಡೆ, ದುಡ್ಡು ಓಡುವುದು ಇನ್ನೊಂದು ಕಡೆ. 1951ರಲ್ಲಿ ನ್ಯೂಜಿಲೆಂಡ್ ಮೈದಾನದ ಹೊರಗಿನ ಬಾಜಿಗೆ ಕಾನೂನುಬದ್ಧ ಕಟ್ಟೆಗಳನ್ನು ತೆರೆಯಿತು. ಬ್ರಿಟನ್ 1961ರಲ್ಲಿ ಬಾಜಿ ಅಂಗಡಿಗಳಿಗೆ ಪರವಾನಗಿ ಕೊಟ್ಟು, ಅದೇ ವರ್ಷ ಅವುಗಳಿಂದ ರೇಸಿಗೆ ಪಾಲು ಬರುವಂತೆ ಕಾನೂನನ್ನೂ ಮಾಡಿತು. ನ್ಯೂಯಾರ್ಕ್ ನಗರ 1971ರಲ್ಲಿ ತಾನೇ ಅಂಗಡಿ ಇಟ್ಟಿತು. ಯಾರಿಗೆಷ್ಟು ಎಂಬ ತಗಾದೆ ಮುಗಿಯದೆ, ನಷ್ಟದಲ್ಲಿ ಮುಳುಗಿ 2010ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಬಾಜಿ ಹೊರಗೆ ಹೋಗುವುದನ್ನು ಯಾರೂ ತಡೆಯಲಾಗಲಿಲ್ಲ. ಪಾಲು ಮರಳಿ ಬಂದಲ್ಲಿ ಲಾಯ ಉಳಿಯಿತು.

ಬೆಂಗಳೂರಿನಲ್ಲಿ ರೇಸ್ ಕೋರ್ಸೇ ಅಂಥ ಅಂಗಡಿಯಾಯಿತು: ಚೆನ್ನೈ, ಹೈದರಾಬಾದಿನ ಪಂದ್ಯಗಳನ್ನು ಇಲ್ಲಿನ ಪರದೆಯಲ್ಲಿ ನೋಡಿ ಬಾಜಿ ಕಟ್ಟುವುದು. ರೇಸು ಬರೀ ಅದೃಷ್ಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2017ರಲ್ಲಿ ಜಿಎಸ್‌ಟಿ ಬಂತು: ಶೇ. 28, ಅದೂ ಬಾಜಿಯ ಪೂರ್ತಿ ಮೊತ್ತದ ಮೇಲೆ. ಕ್ಲಬ್ಬಿನ ಕಮಿಷನ್ನಿಗೆ ಮಾತ್ರ ತೆರಿಗೆ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದರೂ, 2023ರ ತಿದ್ದುಪಡಿ ಪೂರ್ತಿ ಮೊತ್ತವನ್ನೇ ಗಟ್ಟಿ ಮಾಡಿತು. 2025ರಲ್ಲಿ ಅದು ಶೇ. 40 ಆಯಿತು.

ನೂರು ರೂಪಾಯಿಯಲ್ಲಿ ಕ್ಲಬ್ಬಿನ ಪಾಲು ಹತ್ತು ಎಂದಿಟ್ಟುಕೊಳ್ಳಿ. ಕಮಿಷನ್ ಮೇಲೆ ಶೇ. 28 ಎಂದರೆ 2 ರೂಪಾಯಿ 80 ಪೈಸೆ. ಪೂರ್ತಿ ಮೊತ್ತದ ಮೇಲಾದರೆ 28 ರೂಪಾಯಿ. ಕಳ್ಳ ಬುಕ್ಕಿಗೆ ಈ ಯಾವ ಹೊರೆಯೂ ಇಲ್ಲ. 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ತೆರಿಗೆ ವಂಚನೆಯ ಆರೋಪದ ಮೇಲೆ ಬೆಂಗಳೂರು ಟರ್ಫ್ ಕ್ಲಬ್ಬಿನೊಳಗಿನ ಬುಕ್ಕಿಗಳ ಮೇಲೇ ದಾಳಿ ಮಾಡಿದರು.

ರೇಸಿನಲ್ಲಿ ಮನೆಮಠ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ; ಭಾರಿ ತೆರಿಗೆಗೆ ಜನರ ಒಪ್ಪಿಗೆ ಇರುವುದೂ ಅದಕ್ಕೇ. ಆದರೆ ಆ ತೆರಿಗೆಯಿಂದ ಚಟ ನಿಲ್ಲದೆ ಕಳ್ಳ ಬುಕ್ಕಿಯ ಕಡೆ ತಿರುಗಿದರೆ, ಕಳೆದುಕೊಳ್ಳುವವನು ಕಳೆದುಕೊಳ್ಳುತ್ತಲೇ ಇರುತ್ತಾನೆ. ಸರ್ಕಾರಕ್ಕೂ ಸೈಸನಿಗೂ ಬರುವುದು ನಿಲ್ಲುತ್ತದೆ. ಈಗ ರೇಸ್ ಕೋರ್ಸನ್ನು ಕುಣಿಗಲ್ಲಿಗೇ ಸಾಗಿಸುವ ಮಾತು ನಡೆದಿದೆ. ಮೈದಾನ ಎಲ್ಲಿರಬೇಕು ಎಂಬ ಚರ್ಚೆಯ ಜೊತೆಗೆ, ಬಾಜಿಯ ಪಾಲು ಕುದುರೆಯ ಮೇವಿಗೆ ಹೇಗೆ ತಲುಪಬೇಕು ಎಂಬುದನ್ನೂ ನಾವು ಕೇಳಬೇಕು.