ತಲಕಾಡು ಗೊಂಡ ನಾಣ್ಯ ಯಾರ ಕೈಗೆ ಬಂತು?



ಬೇಲೂರು, ಹಳೇಬೀಡಿಗೆ ಬರೋರು ಶಿಲಾಬಾಲಿಕೆ ನೋಡ್ತಾರೆ, ಫೋಟೋ ತೆಗೆದುಕೊಂಡು ಹೋಗ್ತಾರೆ. ಆ ಗುಡಿಗಳ ಕಾಲದ ನಾಣ್ಯದ ಬಗ್ಗೆ ಕೇಳೋರು ಕಡಿಮೆ. ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಮೇಲೆ ಹೊರಡಿಸಿದ ಚಿನ್ನದ ನಾಣ್ಯ ಸುಮಾರು 4 ಗ್ರಾಂ ತೂಗುತ್ತದೆ. ಒಂದು ಕಡೆ ಸಿಂಹ, ಅದರ ಮೇಲೆ ಇನ್ನೊಂದು ಚಿಕ್ಕ ಸಿಂಹ. ಇನ್ನೊಂದು ಕಡೆ ಮೂರು ಸಾಲಲ್ಲಿ ಕನ್ನಡ: ‘ಶ್ರೀ ತಲಕಾಡು ಗೊಂಡ’. ಗೊಂಡ ಅಂದ್ರೆ ವಶಪಡಿಸಿಕೊಂಡವನು. ರಾಜನ ಮುಖ ಇಲ್ಲ, ಹೆಸರೂ ಇಲ್ಲ, ಬಿರುದು ಮಾತ್ರ. ಚಿನ್ನದ ಮೇಲೆ ನಮ್ಮ ಕನ್ನಡ ಅಕ್ಷರ ಕೂತಿದ್ದನ್ನ ನಾನೂ ಹೆಮ್ಮೆಯಿಂದಲೇ ಹೇಳ್ತೀನಿ.

ಇದಕ್ಕಿಂತ ಸಾವಿರದೈನೂರು ವರ್ಷ ಮೊದಲೇ ಗ್ರೀಸಿನ ಅಥೆನ್ಸ್ ಪಟ್ಟಣ 17 ಗ್ರಾಂ ತೂಕದ ಬೆಳ್ಳಿ ನಾಣ್ಯ ಹೊಡೆಸ್ತಿತ್ತು. ಮುಂದೆ ಅಥೀನಾ ದೇವಿಯ ತಲೆ, ಹಿಂದೆ ಗೂಬೆ, ಪಕ್ಕದಲ್ಲಿ ಊರ ಹೆಸರಿನ ಮೂರಕ್ಷರ. (ನಮ್ಮಲ್ಲಿ ಗೂಬೆ ಅಪಶಕುನ, ಅಲ್ಲಿ ದೇವಿಯ ಹಕ್ಕಿ!) ಆ ಬೆಳ್ಳಿಯನ್ನ ಲಾರಿಯಂ ಗಣಿಗಳಲ್ಲಿ ಅಗೆದವರು ಸಾವಿರಾರು ಗುಲಾಮರು. ನಾಣ್ಯದ ಮೇಲೆ ಗೂಬೆಗೆ ಜಾಗ ಸಿಕ್ತು, ಅಗೆದವನಿಗಿಲ್ಲ.

ನಮ್ಮ ಕಡೆ ಹೇಗಿತ್ತು? ಹೊಯ್ಸಳರ ಶಾಸನ ತೆಗೆದರೆ ಗದ್ಯಾಣ, ಹಣ ಅಂತ ದಾನದ ಲೆಕ್ಕ ಸಿಗುತ್ತೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ. ಕಲ್ಲು ಹೊತ್ತವರ ಹೆಸರು ಎಲ್ಲಿದೆ? ಮುಂದಿನ ಕಾಲದ ಆಯಗಾರ ಪದ್ಧತಿ ನೋಡಿ. ಹೊಲೆಯ, ಮಾದಿಗರೂ ಊರಿನ ಆಯಗಾರರೇ. ಕಾವಲಿಗೆ, ಚರ್ಮದ ಕೆಲಸಕ್ಕೆ ಸಿಗ್ತಿದ್ದುದು ಸುಗ್ಗೀಲಿ ಕಣದಲ್ಲಿ ಅಳೆದು ಕೊಟ್ಟ ಧಾನ್ಯ. ಜೀತದಾಳಿಗೆ ರಾಗಿ, ಒಂದು ಕಂಬಳಿ. ರಾಗಿ ಉಂಡರೆ ಮುಗೀತು. ದುಡ್ಡು ಹಾಗಲ್ಲ, ಸೊಂಟಕ್ಕೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಬಹುದು, ಅರಸೀಕೆರೆ ಸಂತೇಲಿ ಯಾರನ್ನೂ ಕೇಳದೆ ಬೇಕಾದ್ದು ಕೊಳ್ಳಬಹುದು. ಒಡೆಯನಿಗೆ ಬೇಡವಾಗಿದ್ದೂ ಅದೇ.

ಬಾಬಾಸಾಹೇಬರು 1923ರಲ್ಲೇ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಬರೆದವರು. ರೂಪಾಯಿಯ ಬೆಲೆ ಬಿದ್ದರೆ ಬಡವನ ಕೂಲಿಯೇ ಸವೆಯುತ್ತೆ ಅಂತ ಬಲ್ಲವರು. 1946ರಲ್ಲಿ ವೈಸ್‌ರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿ ಕನಿಷ್ಠ ವೇತನದ ಮಸೂದೆ ಮಂಡಿಸಿದರು. ಅದು 1948ರಲ್ಲಿ ಕಾಯ್ದೆಯಾಯ್ತು. ಅದರ 11ನೇ ಸೆಕ್ಷನ್ ಹೇಳಿದ್ದು ಇಷ್ಟೇ: ಕನಿಷ್ಠ ವೇತನವನ್ನ ನಗದಾಗಿ ಕೊಡಬೇಕು. ಆಫೀಸಲ್ಲಿ ದಿನಾ ಬಿಲ್ಲು ಬರೆಯೋ ನನಗೆ ಅದು ಬರೀ ಸೆಕ್ಷನ್ ಅನ್ನಿಸಲ್ಲ. ಆದರೆ ರೂಢಿ ಇದ್ದ ಕಡೆ ವಸ್ತು ರೂಪದಲ್ಲೂ ಕೊಡಲು ಸರ್ಕಾರ ಒಪ್ಪಬಹುದು ಅಂತ ಅದರಲ್ಲೇ ಒಂದು ಕಿಂಡಿಯೂ ಇತ್ತು!

ನಿಮ್ಮ ಮನೇಲಿ ಅಜ್ಜ, ಅಜ್ಜಿ ಇದ್ದರೆ ಕೇಳಿ, ಕೂಲಿ ಮೊದಲ ಸಲ ದುಡ್ಡಲ್ಲಿ ಬಂದಿದ್ದು ಯಾವಾಗ, ಎಷ್ಟು ಅಂತ. ಇಲ್ಲಿ ಬರೆದು ತಿಳಿಸಿ.